ಬಟ್ಟೆ ಹಿಂಡುವಾಗ ಮೊಣಕೈ ನೋವು

ಬಟ್ಟೆ ಹಿಂಡುವಾಗ, ಹಾಲಿನ ಪಾತ್ರೆ ಎತ್ತುವಾಗ ಮೊಣಕೈ ಹೊರಬದಿ ಚುಳ್ಳೆನ್ನುತ್ತದೆ ಅಂದಿದ್ದೀರಿ, ಅಲ್ವಾ? ಬಹುಶಃ ಟೆನಿಸ್ ಎಲ್ಬೋ, ಅಂದರೆ ಮಣಿಕಟ್ಟು ಎತ್ತುವ ಸ್ನಾಯುಗಳು ಮೊಣಕೈಗೆ ಅಂಟುವ ಜಾಗದ ನೋವು. ಟೆನಿಸ್ ಆಡದವರಿಗೇ ಜಾಸ್ತಿ ಬರುತ್ತದೆ, ನನಗೂ ಬಂದಿತ್ತು. ಪರೀಕ್ಷಿಸಲು ನೋವಿರುವ ಕೈ ನೇರ ಚಾಚಿ, ಅಂಗೈ ಕೆಳಮುಖ ಮಾಡಿ. ಇನ್ನೊಂದು ಕೈಯಿಂದ ಅದರ ಹಿಂಬದಿ ಒತ್ತಿ ಹಿಡಿದು ಮಣಿಕಟ್ಟು ಮೇಲೆತ್ತಲು ನೋಡಿ. ಅದೇ ಜಾಗ ನೋವಾದರೆ ಅನುಮಾನ ಸರಿಯಿರಬೇಕು.

ಮೊದಲು ಹಿಂಡುವುದು ನಿಲ್ಲಿಸಿ. ಬಟ್ಟೆ ಸುಮ್ನೆ ನೇತುಹಾಕಿ, ನೀರು ತಾನೇ ಸೋರಲಿ. ಪಾತ್ರೆ ಎರಡೂ ಕೈಯಲ್ಲಿ ಎತ್ತಿ. ನೋವು ತಗ್ಗಿದ ಮೇಲೆ, ಮುಂಗೈ ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಾಚೆ ಬಿಟ್ಟು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಕೆಳಗಿಳಿಸಿ. ಮೇಲೆತ್ತಲು ಇನ್ನೊಂದು ಕೈಯ ಸಹಾಯ ಇರಲಿ. ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು.

ಬೆರಳು ಜುಮ್ಮೆಂದರೆ ಮೂಲ ಕತ್ತಿನಲ್ಲಿರಬಹುದು, ಡಾಕ್ಟರಿಗೆ ತೋರಿಸಿ. ಕೈನೋವಿನ ಜೊತೆ ಎದೆ ಬಿಗಿದು ಬೆವರಿದರೆ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.