ಒರತೆಯ ಮೇಲೆ ಎಣ್ಣೆ ಕೆನೆ: ಕೊಡಗಿನ ನೆಲದಡಿ ಪೆಟ್ರೋಲಿಯಂ ಇದೆಯೇ?

ಪ್ರಶ್ನೆ: ಸೋಮವಾರಪೇಟೆ ಬಳಿ ನಮ್ಮ ಕಾಫಿ ತೋಟದ ಕೆಳಗೆ, ಗದ್ದೆಯಂಚಿನ ಒರತೆಯಲ್ಲಿ ಕಾಮನಬಿಲ್ಲಿನ ಬಣ್ಣದ ಕೆನೆ ಕಟ್ಟುತ್ತಿದೆ. ಕೊರೆಸಿದರೆ ಎಣ್ಣೆ ಸಿಕ್ಕೀತೇ? ದೇಶಕ್ಕೆ ಇಷ್ಟು ಎಣ್ಣೆ ಬೇಕಿರುವಾಗ ಕೊಡಗಿನಲ್ಲಿ ಯಾರೂ ಏಕೆ ಹುಡುಕುವುದಿಲ್ಲ?

ಉತ್ತರ: ಮೊದಲು ಒಂದು ಕಡ್ಡಿಯಿಂದ ಆ ಕೆನೆಯನ್ನು ಕದಡಿ ನೋಡಿ. ಒಡೆದ ಗಾಜಿನಂತೆ ಮೊನಚು ಚೂರುಗಳಾಗಿ ಬಿರಿದು ಹಾಗೆಯೇ ನಿಂತರೆ, ಅದು ಕಬ್ಬಿಣದ ಅಂಶದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳ ಪೊರೆ. ಪಕ್ಕದಲ್ಲೇ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ. ನಿಮ್ಮ ಕೆಂಪು ಮಣ್ಣಿನಲ್ಲಿ ಇದು ತೀರಾ ಸಾಮಾನ್ಯ. ಕದಡಿದ ಕೂಡಲೇ ಮತ್ತೆ ಕೂಡಿಕೊಂಡು ಡೀಸೆಲ್ ವಾಸನೆ ಬಂದರೆ ಮಾತ್ರ ಎಚ್ಚರ: ಮೇಲ್ಭಾಗದಲ್ಲಿ ಪಂಪ್‌ಸೆಟ್ಟೋ ಡ್ರಮ್ಮೋ ಸೋರುತ್ತಿರಬೇಕು. ಆ ನೀರನ್ನು ಕುಡಿಯಬೇಡಿ. ಪರೀಕ್ಷೆಗೆ ಕೊಡುವಾಗ ಗಾಜಿನ ಬಾಟಲಿಯಲ್ಲೇ ತುಂಬಿಸಿ. ಪ್ಲಾಸ್ಟಿಕ್‌ಗೆ ಎಣ್ಣೆ ಅಂಟಿಕೊಂಡು ಅಳತೆ ತಪ್ಪುತ್ತದೆ.

ಎರಡರಲ್ಲಿ ಯಾವುದಾದರೂ ಅದು ನೆಲದಾಳದ ಎಣ್ಣೆಯಲ್ಲ. ಕೊರೆಸಿ ಹಣ ಕಳೆದುಕೊಳ್ಳಬೇಡಿ. ಸಮುದ್ರದ ಕೆಸರಿನಲ್ಲಿ ಹೂತ ಸೂಕ್ಷ್ಮಜೀವಿಗಳು ಎರಡು-ಮೂರು ಕಿ.ಮೀ. ಆಳದಲ್ಲಿ, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಲಕ್ಷಾಂತರ ವರ್ಷ ಬೆಂದರೆ ಎಣ್ಣೆಯಾಗುತ್ತದೆ. ಅದು ಮೇಲೇರಿ ಮರಳುಗಲ್ಲಿನ ಅಥವಾ ಸುಣ್ಣಗಲ್ಲಿನ ರಂಧ್ರಗಳಲ್ಲಿ ತಂಗಬೇಕು, ಮೇಲೆ ಜೇಡಿಗಲ್ಲಿನ ಮುಚ್ಚಳ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬಾವಿ ಬರಿದು. ಕೊಡಗಿನ ನೈಸ್, ಚಾರ್ನೊಕೈಟ್ ಎಂಬ, ನೆಲದಾಳದ ಕಾವು-ಒತ್ತಡಕ್ಕೆ ರೂಪ ಬದಲಿಸಿದ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಚಾರ್ನೊಕೈಟ್ ಅಂತೂ 700 ಡಿಗ್ರಿಗೂ ಮೀರಿದ ಕಾವು ಕಂಡ ಕಲ್ಲು. ಅಲ್ಲಿ ಎಣ್ಣೆ ಹುಟ್ಟಲೂ ಆಗದು, ಉಳಿಯಲೂ ಆಗದು.

ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಕಡಲು ಸೇರುವ ಕಡೆ ಮಾತ್ರ ಕಥೆಯೇ ಬೇರೆ. ಅಲ್ಲಿ ಕೆಸರು, ಮರಳು ಪದರಪದರವಾಗಿ ಕೂತು ಗಟ್ಟಿಯಾದ ಪದರಗಲ್ಲು ಹಲವು ಕಿ.ಮೀ. ದಪ್ಪ, ನಾಗಪಟ್ಟಿಣಂ ಬಳಿಯ ನರಿಮಣಂನಲ್ಲಿ ಎಣ್ಣೆ ತೆಗೆಯುತ್ತಾರೆ. ಹಾಗೆಂದು ಅದು ಇಂದಿನ ಕಾವೇರಿ ಹೊತ್ತ ಹೂಳಿನಿಂದ ಬಂದದ್ದಲ್ಲ, ಗೊಂಡ್ವಾನ ಎಂಬ ಪುರಾತನ ಮಹಾಭೂಖಂಡ ಸೀಳಿದಾಗ ತೆರೆದ ಕುಳಿಯಲ್ಲಿ ಬಹಳ ಹಿಂದೆ ಶೇಖರವಾದ ಕೆಸರಿನದು. ಇಂಥ ಕುಳಿ ಎಲ್ಲಿದೆ, ಯಾವ ಪದರ ಎಲ್ಲಿ ಗುಮ್ಮಟದಂತೆ ಉಬ್ಬಿದೆ ಎಂದು ನೆಲದೊಳಕ್ಕೆ ಕೃತಕವಾಗಿ ಕಳುಹಿಸಿದ ಕಂಪನ ಅಲೆಗಳ ಪ್ರತಿಧ್ವನಿಯಿಂದ ಗುರುತಿಸುವುದೇ ಪೆಟ್ರೋಲಿಯಂ ಭೂವಿಜ್ಞಾನಿಯ ಕೆಲಸ. 1974ರಲ್ಲಿ ಮುಂಬೈ ಕಡಲಿನ ಎಣ್ಣೆ ನಿಕ್ಷೇಪ ಬಾಂಬೆ ಹೈ ಸಿಕ್ಕಿದ್ದು ಹೀಗೆ. ಆದರೂ ನಮ್ಮ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದೇ.

ಎಣ್ಣೆ ಹುಟ್ಟದ ಗಟ್ಟಿ ಬಂಡೆಗೆ ನಮ್ಮ ಕರಾವಳಿಯಲ್ಲಿ ಇನ್ನೊಂದು ಕೆಲಸವಿದೆ: ಎಣ್ಣೆಯನ್ನು ಕೂಡಿಡುವುದು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ನೆಲದಡಿಯ ಬಂಡೆಯಲ್ಲೇ ಕೊರೆದಿದ್ದಾರೆ. ಎಣ್ಣೆ ಸೋರದಂತೆ ತಡೆಯುವುದು ಸುತ್ತಲಿನ ಅಂತರ್ಜಲ: ಬಿರುಕುಗಳಲ್ಲಿ ನೀರಿನ ಒತ್ತಡ ಎಣ್ಣೆಯದಕ್ಕಿಂತ ಹೆಚ್ಚಿರುವಂತೆ ಮೇಲಿನ ಕೊಳವೆಗಳಿಂದ ನೀರು ತುಂಬುತ್ತಿರುತ್ತಾರೆ. ಒಳಗೆ ಜಿನುಗಿದ ನೀರು ಭಾರವಾದ್ದರಿಂದ ತಳ ಸೇರುತ್ತದೆ, ಅದನ್ನು ಪಂಪ್ ಹಾಕಿ ಹೊರತೆಗೆಯುತ್ತಾರೆ.