ಓದುಗರ ಪ್ರಶ್ನೆ: ಸಣ್ಣ ದೋಣಿಗೆ ಅಗ್ಗದ ಎಐಎಸ್

ಪ್ರಶ್ನೆ: ನಮ್ಮ ಭಾವನವರದು ಮಲ್ಪೆಯಲ್ಲಿ ಸಣ್ಣ ಫೈಬರ್ ದೋಣಿ. ರಾತ್ರಿ ದೊಡ್ಡ ಹಡಗು ಬರುವುದು ಮೊದಲೇ ತಿಳಿಯಲು ಎಐಎಸ್ ರಿಸೀವರ್ ಬೇಕಂತೆ. ಅಂಗಡಿಯ ಸೆಟ್ ಕೈಗೆಟುಕುವುದಿಲ್ಲ. ಯುಎಸ್‌ಬಿ ಡಾಂಗಲ್‌ನಲ್ಲೇ ಆಗುತ್ತದೆಯೆ? ಇಲ್ಲೇ ಜೋಡಿಸಿ, ಪರೀಕ್ಷಿಸಿ ಕಳಿಸಬಹುದೆ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಆಗುತ್ತದೆ. ಹಡಗುಗಳು ತಾವಿರುವ ಜಾಗ, ವೇಗ, ದಿಕ್ಕನ್ನು ಎಐಎಸ್ ಎಂಬ ರೇಡಿಯೋ ವ್ಯವಸ್ಥೆಯಲ್ಲಿ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತವೆ. ಆರ್‌ಟಿಎಲ್-ಎಸ್‌ಡಿಆರ್ ಎಂಬ ರೇಡಿಯೋ ಹಿಡಿಯುವ ಯುಎಸ್‌ಬಿ ಡಾಂಗಲ್ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಓಟಿಜಿ ಕೇಬಲ್‌ನಿಂದ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ, ಎಐಎಸ್-ಕ್ಯಾಚರ್ ಎಂಬ ಉಚಿತ ಆ್ಯಪ್ ಹಾಕಿದರೆ ಸಾಕು. ಡಾಂಗಲ್ ಟಿಸಿಎಕ್ಸ್‌ಒ (ಬಿಸಿ-ತಂಪಿಗೆ ಆವರ್ತನ ಅಲುಗದಂತೆ ಮಾಡಿದ ಕ್ರಿಸ್ಟಲ್) ಇರುವುದೇ ಇರಲಿ. ಅಗ್ಗದ ಕ್ರಿಸ್ಟಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದರೂ ಇಲ್ಲಿ 8 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿದಂತೆ. ಚಾನೆಲ್‌ನ ಅಗಲವೇ 25.

ಉಳಿದ ದುಡ್ಡು, ಶ್ರಮ ಎಲ್ಲ ಆಂಟೆನಾಕ್ಕೆ ಹೋಗಲಿ. ತಲಾ 44 ಸೆಂ.ಮೀ. ಉದ್ದದ ಎರಡು ತಾಮ್ರದ ಕಡ್ಡಿಗಳನ್ನು ಪಿವಿಸಿ ಪೈಪಿನೊಳಗೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ, ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಸಿಗ್ನಲ್ ಬಹುಪಾಲು ಹೋಯಿತೆಂದೇ ಲೆಕ್ಕ. ಕೇಬಲ್‌ನ ನಡುತಂತಿ ಮೇಲಿನದಕ್ಕೆ, ಹೊರಹೆಣಿಗೆ ಕೆಳಗಿನದಕ್ಕೆ. ಕೇಬಲ್ ಟಿವಿಯವರ ಆರ್‌ಜಿ-6 ವೈರು ಧಾರಾಳವಾಗಿ ನಡೆಯುತ್ತದೆ. ಕೇಳುವುದಕ್ಕಷ್ಟೇ ಆದ್ದರಿಂದ 75 ಓಮ್ ಎಂದು ತಲೆಕೆಡಿಸಿಕೊಳ್ಳಬೇಡಿ. ಆದರೆ ಅದರ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯದು. ಸ್ಕ್ರೂ ಕನೆಕ್ಟರ್‌ನಲ್ಲಿ ಬಿಗಿಯಿರಿ. ಉಪ್ಪುನೀರು ಆ ಹೆಣಿಗೆಯೊಳಗೆ ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ, ಸಂದು ಬಿಡದೆ ಮುಚ್ಚಿ. ಹುಳಿ ವಾಸನೆಯ ಸಿಲಿಕೋನ್ ಬೇಡ, ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ.

ನೀರಿನಿಂದ 4 ಮೀಟರ್ ಎತ್ತರದಲ್ಲಿ ಕಟ್ಟಿದರೆ, 25 ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಹಡಗು ಸುಮಾರು 29 ಕಿ.ಮೀ. ದೂರದಿಂದಲೇ ಸಿಗಬೇಕು. 15 ನಾಟ್ ವೇಗದ ಹಡಗಿಗೆ ಅದು ಹತ್ತಿರತ್ತಿರ ಒಂದು ಗಂಟೆಯ ದಾರಿ. ದೋಣಿಯಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೋ ಸೆಟ್ ಇದ್ದರೆ ಅದರ ಆಂಟೆನಾಕ್ಕೆ ಮಾತ್ರ ಡಾಂಗಲ್ ಸೇರಿಸಬೇಡಿ; ಒಮ್ಮೆ 25 ವಾಟ್‌ನಲ್ಲಿ ಮಾತಾಡಿದರೆ ಡಾಂಗಲ್ ಸುಟ್ಟಿತೆಂದೇ ತಿಳಿಯಿರಿ.

ಇನ್ನು ಪರೀಕ್ಷೆ: ತುಮಕೂರಿನಲ್ಲಿ ಹಡಗು ಸಿಗದು. ದೇವರಾಯನದುರ್ಗ ಹತ್ತಿದರೂ ಅಷ್ಟೆ, ಕಡಲು 250 ಕಿ.ಮೀ. ಆಚೆ, ನಡುವೆ ಘಟ್ಟ. ಎಫ್‌ಎಂ ಸ್ಟೇಷನ್ ಹಿಡಿದು ಡಾಂಗಲ್, ವೈರು ಸರಿಯಿವೆಯೇ ನೋಡಿ, ಉಳಿದದ್ದು ಮಲ್ಪೆಯಲ್ಲೇ.

ಪ್ರಶ್ನೆ: ಕಾರವಾರದಲ್ಲಿರುವ ತಮ್ಮನ ದೋಣಿಯಲ್ಲೂ ಇಂಥದೇ ಎಐಎಸ್ ಡಾಂಗಲ್ ಇದೆ. ಫೋನ್ ಚಾರ್ಜಿಗೆ ಹಾಕಿದ ಕೂಡಲೇ ಪರದೆಯಿಂದ ಹಡಗುಗಳು ಮಾಯ. ಕೆಲವಕ್ಕೆ ಹೆಸರೂ ಇಲ್ಲ, ಬರೀ ಅಂಕಿ. ಯಾಕೆ?
– ಓದುಗರು, ಮುಳಬಾಗಿಲು, ಕೋಲಾರ

ಉತ್ತರ: 12 ವೋಲ್ಟ್‌ನ ಅಗ್ಗದ ಚಾರ್ಜರ್ ರೇಡಿಯೋ ಗದ್ದಲ ಎಬ್ಬಿಸುತ್ತದೆ, ಕೆಲವು ಎಲ್‌ಇಡಿ ದೀಪಗಳೂ ಹಾಗೆಯೇ. ಒಂದೊಂದನ್ನೇ ಆರಿಸಿ ನೋಡಿ. ಚಾರ್ಜರೇ ಕಳ್ಳನಾದರೆ ಪವರ್ ಬ್ಯಾಂಕ್‌ಗೆ ಬದಲಿಸಿ, ಡಾಂಗಲ್ ಅನ್ನು ಒಂದು ಮೀಟರ್ ದೂರವಿಡಿ. ಆಮೇಲೂ ಸರಿಹೋಗದಿದ್ದರೆ ಆ್ಯಪ್‌ನಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಆಟೋದಿಂದ ತೆಗೆದು ಇಳಿಸುತ್ತ ಬನ್ನಿ. ಹೆಸರು 6 ನಿಮಿಷಕ್ಕೊಮ್ಮೆ ಮಾತ್ರ ಬರುತ್ತದೆ, ಅಲ್ಲಿಯವರೆಗೆ 9 ಅಂಕಿಯ ಗುರುತು ಸಂಖ್ಯೆ. 419ರಿಂದ ಶುರುವಾದರೆ ಭಾರತದ ಹಡಗು. ಲಂಗರು ಹಾಕಿದ ದೊಡ್ಡ ಹಡಗು ತಾನಿರುವ ಜಾಗ ಹೇಳುವುದೂ 3 ನಿಮಿಷಕ್ಕೊಮ್ಮೆ. ಎಐಎಸ್ ಇಲ್ಲದ ದೋಣಿಗಳು ಪರದೆಗೆ ಬರುವುದೇ ಇಲ್ಲ, ಡಾಂಗಲ್ ಬರೀ ಕೇಳುವುದರಿಂದ ತಮ್ಮನ ದೋಣಿಯೂ ಹಡಗಿನವರ ಪರದೆಯಲ್ಲಿ ಇರುವುದಿಲ್ಲ. ಹಾಗಾಗಿ ದೋಣಿಯ ದೀಪ ಆರಿಸಬಾರದು.