ಫ್ರೆಂಚಿನ 'ಸ' ಮತ್ತು ನಮ್ಮ 'ಕೊಳ್ಳು'

ನಿಮ್ಮ ಪ್ರಶ್ನೆ ಇದು: ಫ್ರೆಂಚಿನಲ್ಲಿ 'ಲಾವೆ' ಎಂದರೆ ತೊಳೆಯುವುದು ಎಂದು ಕಲಿತ ಮೇಲೆ 'ಸ ಲಾವೆ' ಎಂಬ ಇನ್ನೊಂದು ರೂಪ ಏಕೆ ಬೇಕು, ಮತ್ತು ಏಳುವುದು, ಮಲಗುವುದು, ನಿಲ್ಲುವುದು ಇಂಥ ಸಾಮಾನ್ಯ ಕೆಲಸಗಳಿಗೂ 'ತನ್ನನ್ನು ತಾನು' ಎಂಬ ಅರ್ಥದ ಈ 'ಸ' ಏಕೆ ಅಂಟಿಕೊಂಡಿರುತ್ತದೆ? ಕನ್ನಡ ಮನೆಮಾತಿನ ವಿದ್ಯಾರ್ಥಿಗಳಿಗೆ ನಾನು ಬೆಂಗಳೂರಿನಲ್ಲಿ ಫ್ರೆಂಚ್ ಹೇಳಿಕೊಡುತ್ತೇನೆ. ಮೊದಲ ವರ್ಷದಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ನನಗೆ ಈ ವಿಷಯ ತಿಳಿದ ಸಂದರ್ಭವನ್ನು ಹೇಳುತ್ತೇನೆ. ಫ್ರಾನ್ಸಿನ ಲಿಯೋಂ ನಗರದಲ್ಲಿ ಓದುತ್ತಿದ್ದಾಗ, ನಾನಿದ್ದ ಮನೆಯ ಒಡತಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಕೇಳಿದರು. 'ಆರು ಗಂಟೆಗೆ ಏಳುತ್ತೇನೆ' ಎಂಬ ಭಾವನೆಯಲ್ಲಿ ನಾನು 'ಜ ಲೆವ್ ಆ ಸೀಜ಼್ ಅರ್' ಎಂದೆ. ಅವರು ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಮೇಜಿನ ಮೇಲಿಟ್ಟು, ನಿಜವಾಗಿಯೂ ತಿಳಿಯದೆ, 'ವೂ ಲವೆ ಕ್ವಾ?' ಎಂದು ಕೇಳಿದರು. ಅಂದರೆ, 'ಏನನ್ನು ಎತ್ತುತ್ತೀರಿ?' ಇಡೀ ವ್ಯಾಕರಣ ಆ 'ಏನನ್ನು' ಎಂಬ ಒಂದು ಮಾತಿನಲ್ಲಿತ್ತು. 'ಲವೆ' ಎಂಬುದು ಏಳುವುದಲ್ಲ, ಎಬ್ಬಿಸುವುದು ಅಥವಾ ಎತ್ತುವುದು. ಅದು ಸಕರ್ಮಕ ಕ್ರಿಯಾಪದವಾದ್ದರಿಂದ ಒಂದು ಕರ್ಮವನ್ನು ಬೇಡುತ್ತದೆ. ಎತ್ತುವವರೂ ಎತ್ತಲ್ಪಡುವವರೂ ನಾನೇ ಆದಾಗ ಆ ಕರ್ಮದ ಜಾಗವನ್ನು 'ಮ' ಎಂಬ ಸರ್ವನಾಮ ತುಂಬುತ್ತದೆ: 'ಜ ಮ ಲೆವ್'.

ಕನ್ನಡ ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆಯುತ್ತದೆ. ನಮ್ಮಲ್ಲಿ ಮಲಗು, ಕೂರು, ನಿಲ್ಲು, ಮುಳುಗು ಎಂಬ ಅಕರ್ಮಕ ಧಾತುಗಳೇ ಮೂಲ. ಅವಕ್ಕೆ 'ಇಸು' ಹಚ್ಚಿದರೆ ಮಲಗಿಸು, ಕೂರಿಸು, ನಿಲ್ಲಿಸು, ಮುಳುಗಿಸು ಆಗುತ್ತವೆ. ಫ್ರೆಂಚಿಗೆ ಮಲಗಿಸುವುದೇ ಮೂಲ, ಅದು 'ಕೂಶೆ'. ಮಲಗುವುದು ಅದರಿಂದ ಹುಟ್ಟಿದ್ದು, 'ಸ ಕೂಶೆ'. ಹಾಗೆಯೇ ಚಾಲಕ ಬಸ್ಸನ್ನು ನಿಲ್ಲಿಸಿದರೆ 'ಆರೆತೆ', ಬಸ್ಸು ತಾನಾಗಿ ನಿಂತರೆ 'ಸಾರೆತೆ'. ಮುಳುಗಿಸಿದರೆ 'ನ್ವಾಯೆ', ಮುಳುಗಿದರೆ 'ಸ ನ್ವಾಯೆ'. ಮಗುವಿಗೆ ಬಟ್ಟೆ ತೊಡಿಸಿದರೆ 'ಆಬಿಯೆ', ತಾನು ತೊಟ್ಟರೆ 'ಸಾಬಿಯೆ'. ಆದ್ದರಿಂದ ಹೊಸ ಕ್ರಿಯಾಪದ ಎದುರಾದಾಗ 'ಸ' ಎಂದರೆ ತನ್ನನ್ನು ಎಂದು ಅನುವಾದಿಸಲು ಹೋಗಬೇಡಿ. 'ಸ' ಇಲ್ಲದ ರೂಪಕ್ಕೆ ಕನ್ನಡದ 'ಇಸು' ರೂಪ ಹೊಂದುತ್ತದೆಯೇ ಎಂದು ನೋಡಿ; ಹೊಂದಿದರೆ, 'ಇಸು' ಕಳಚಿದಾಗ ಉಳಿಯುವ ಅರ್ಥವೇ 'ಸ' ಇರುವ ರೂಪದ ಅರ್ಥ. ನಿಮ್ಮ ಎರಡನೆಯ ಸಂದೇಹಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಉತ್ತರ ಇದು.

ಈ ಪರೀಕ್ಷೆ ಎಲ್ಲ ಕಡೆಯೂ ನಡೆಯುವುದಿಲ್ಲ. ಇಳಿಯುವುದಕ್ಕೂ ಇಳಿಸುವುದಕ್ಕೂ ಫ್ರೆಂಚಿನಲ್ಲಿ 'ದೆಸಾಂದ್ರ್' ಒಂದೇ, ಹತ್ತುವುದಕ್ಕೂ ಹತ್ತಿಸುವುದಕ್ಕೂ 'ಮೋಂತೆ' ಒಂದೇ. ಕುದಿಯುವುದು 'ಬೂಯಿರ್', ಕುದಿಸುವುದು 'ಫೆರ್ ಬೂಯಿರ್', ಅಂದರೆ ಅಲ್ಲಿ ನಮ್ಮ ಹಾಗೆಯೇ ಅಕರ್ಮಕಕ್ಕೆ ಇನ್ನೊಂದು ಪದ ಸೇರಿ ಸಕರ್ಮಕವಾಗಿದೆ. ಇಂಥವು ದಿನನಿತ್ಯ ಬಳಕೆಯಾಗುವಂಥವು, ಆದ್ದರಿಂದ ಬೇರೆಯಾಗಿ ನೆನಪಿಟ್ಟುಕೊಳ್ಳಿ.

ಇನ್ನು 'ತೊಳೆ' ಮತ್ತು 'ತೊಳೆದುಕೊಳ್ಳು'. ಇಲ್ಲಿ ಕನ್ನಡ ನಮಗೆ ಮಾಡುವ ಉಪಕಾರ ದೊಡ್ಡದು. 'ತಟ್ಟೆ ತೊಳೆದೆ' ಎನ್ನುತ್ತೇವೆ, ಆದರೆ 'ಕೈ ತೊಳೆದುಕೊಂಡೆ' ಎನ್ನುತ್ತೇವೆ. ಎರಡನೆಯದರಲ್ಲಿ 'ನನ್ನ ಕೈ' ಎಂದು ಹೇಳುವ ಅಗತ್ಯವೇ ಇಲ್ಲ, ಏಕೆಂದರೆ ಯಾರ ಕೈ ಎಂಬುದನ್ನು 'ಕೊಳ್ಳು' ಆಗಲೇ ಹೇಳಿಬಿಟ್ಟಿದೆ. ಫ್ರೆಂಚರೂ 'ಜ ಮ ಲಾವ್ ಲೆ ಮ್ಯಾಂ' ಎನ್ನುತ್ತಾರೆ, ಅಲ್ಲಿಯೂ 'ನನ್ನ' ಎಂಬ ಪದ ಬರುವುದಿಲ್ಲ, ಕೈ ಎಂಬ ಪದಕ್ಕೆ ಮೊದಲು ಬರಿಯ 'ಲೆ' ಎಂಬ ಉಪಪದವಿರುತ್ತದೆ. ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಯುವವರು 'ಮೆ ಮ್ಯಾಂ' ಎಂದು 'ನನ್ನ' ಸೇರಿಸಿ ತಪ್ಪುವುದನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ. ಕನ್ನಡದಲ್ಲಿ ಯೋಚಿಸುವವರು ಆ ತಪ್ಪು ಮಾಡಬೇಕಾಗಿಲ್ಲ.

'ಕೊಳ್ಳು' ಇನ್ನೂ ಎರಡು ಕಡೆ ಫ್ರೆಂಚಿನ ಜೊತೆಗೇ ನಡೆಯುತ್ತದೆ. 'ಅವರಿಬ್ಬರೂ ಬೈದುಕೊಂಡರು' ಎಂದಾಗ ಒಬ್ಬರನ್ನೊಬ್ಬರು ಬೈದರು ಎಂದೇ ಅರ್ಥ; ಫ್ರೆಂಚಿನ ಬಹುವಚನದಲ್ಲಿಯೂ 'ಸ' ಈ ಪರಸ್ಪರ ಅರ್ಥವನ್ನು ಕೊಡುತ್ತದೆ. 'ಓಂ ಸ ವ್ವಾ ದಮ್ಯಾಂ' ಎಂದರೆ 'ನಾಳೆ ಸಿಗೋಣ' ಎಂದಷ್ಟೇ. ಎರಡನೆಯದಾಗಿ, ಯಾರೂ ಮುಟ್ಟದಿದ್ದರೂ 'ಬಾಗಿಲು ತೆರೆದುಕೊಂಡಿತು' ಎನ್ನುತ್ತೇವಲ್ಲ, ಅದೇ 'ಲಾ ಪೋರ್ತ್ ಸೆ ತೂವೆರ್ತ್'. ಬಾಗಿಲಿಗೆ 'ತನ್ನನ್ನು ತಾನು' ಎಂಬ ಪ್ರಜ್ಞೆ ಎರಡು ಭಾಷೆಗಳಲ್ಲಿಯೂ ಬೇಕಿಲ್ಲ. ಇದರಿಂದ ಸ್ವಲ್ಪ ಮುಂದೆ ಹೋಗಿ ಫ್ರೆಂಚ್ 'ಕೊಮಾಂ ಸಾ ಸೆಕ್ರಿ?' ಎಂದೂ ಕೇಳುತ್ತದೆ. ಅಲ್ಲಿ ಮಾತ್ರ ನಾವು 'ಕೊಳ್ಳು' ಬಿಟ್ಟು 'ಇದನ್ನು ಹೇಗೆ ಬರೆಯುತ್ತಾರೆ?' ಎನ್ನುತ್ತೇವೆ.

ಕನ್ನಡದವರು ನಿಜವಾಗಿ ಎಡವುವುದು ಬೇರೆ ಕಡೆ. ನಮ್ಮ 'ಕೊಳ್ಳು' ಯಾವ ಪುರುಷಕ್ಕೂ ತಾನು ಬದಲಾಗುವುದಿಲ್ಲ, ಕೊನೆಯ ಪ್ರತ್ಯಯ ಮಾತ್ರ ಬದಲಾಗುತ್ತದೆ. ಫ್ರೆಂಚಿನಲ್ಲಿ ಸರ್ವನಾಮವೇ ಬದಲಾಗಬೇಕು: ಜ ಮ ಲಾವ್, ತ್ಯೂ ತ ಲಾವ್, ಇಲ್ ಸ ಲಾವ್, ನೂ ನೂ ಲಾವೋಂ, ವೂ ವೂ ಲಾವೆ, ಇಲ್ ಸ ಲಾವ್. ನಿಘಂಟಿನಲ್ಲಿ 'ಸ' ಎಂದಿರುವುದರಿಂದ ಅದೇ ನಾಲಿಗೆಗೆ ಅಂಟಿ, 'ನಾನು ಮಲಗಲು ಹೋಗುತ್ತೇನೆ' ಎನ್ನುವಾಗ 'ಜ ವೆ ಸ ಕೂಶೆ' ಎಂದುಬಿಡುತ್ತಾರೆ. ಅದು 'ಜ ವೆ ಮ ಕೂಶೆ' ಆಗಬೇಕು. ಕ್ರಿಯಾಪದ ಮೂಲರೂಪದಲ್ಲೇ ಇದ್ದರೂ ಸರ್ವನಾಮ ಕರ್ತೃವನ್ನು ಬಿಡುವುದಿಲ್ಲ. ವಿಧಿರೂಪದಲ್ಲಿ ಸರ್ವನಾಮ ಕ್ರಿಯಾಪದದ ನಂತರಕ್ಕೆ ಹೋಗಿ 'ತ' ಎಂಬುದು 'ತ್ವಾ' ಆಗುತ್ತದೆ, 'ಲೆವ್-ತ್ವಾ' ಎಂದರೆ 'ಏಳು'. ನಿಷೇಧದಲ್ಲಿ ಮತ್ತೆ ಕ್ರಿಯಾಪದಕ್ಕೆ ಮೊದಲೇ ಬರುತ್ತದೆ, 'ನ ತ ಲೆವ್ ಪಾ'.

ಸಹಾಯಕ ಕ್ರಿಯಾಪದ ಬೇಕಾಗುವ ಭೂತಕಾಲದ ರೂಪಗಳಲ್ಲಿ ಈ ಗುಂಪಿನ ಎಲ್ಲ ಕ್ರಿಯಾಪದಗಳಿಗೂ 'ಎತ್ರ್', ಅಂದರೆ 'ಇರು' ಎಂಬುದೇ ಸಹಾಯಕ: 'ಜ ಮ ಸ್ವಿ ಲವೆ'. ಇದಕ್ಕೆ ಅಪವಾದವಿಲ್ಲ. ತೊಡಕಿರುವುದು ಕೃದಂತದ, ಅಂದರೆ ಸಹಾಯಕದ ನಂತರ ಬರುವ 'ಲವೆ'ಯಂಥ ರೂಪದ, ಲಿಂಗ ಮತ್ತು ವಚನದಲ್ಲಿ. ಅವಳು ಸ್ನಾನ ಮಾಡಿದಳು ಎನ್ನುವಾಗ 'ಲಾವೆ' ಎಂಬುದರ ಕೊನೆಗೆ ಸ್ತ್ರೀಲಿಂಗದ ಒಂದು ಮೂಕ 'e' ಅಕ್ಷರ ಸೇರುತ್ತದೆ. ಅವಳು ಕೈ ತೊಳೆದುಕೊಂಡಳು ಎನ್ನುವಾಗ ಸೇರುವುದಿಲ್ಲ. ಕಿವಿಗೆ ಎರಡೂ ಒಂದೇ, ಬರವಣಿಗೆಯಲ್ಲಿ ಬೇರೆ. ಕಿವಿಗೂ ಕೇಳಿಸುವ ಉದಾಹರಣೆ ಬೇಕಿದ್ದರೆ, ಅವನು ಕುಳಿತನು 'ಇಲ್ ಸೆ ತಾಸಿ', ಅವಳು ಕುಳಿತಳು 'ಎಲ್ ಸೆ ತಾಸೀಜ಼್'.

ಇಲ್ಲಿ ನಮ್ಮ ವಿಭಕ್ತಿಗಳನ್ನು ನಂಬಿ. 'ಸ' ಎಂಬುದು 'ಅನ್ನು' ಎಂಬ ದ್ವಿತೀಯೆಯ ಜಾಗದಲ್ಲಿದ್ದರೆ ಕೃದಂತ ಅದಕ್ಕೆ ಹೊಂದಿಕೊಳ್ಳುತ್ತದೆ, 'ಗೆ' ಎಂಬ ಚತುರ್ಥಿಯ ಜಾಗದಲ್ಲಿದ್ದರೆ ಹೊಂದಿಕೊಳ್ಳುವುದಿಲ್ಲ. ಒಬ್ಬರನ್ನೊಬ್ಬರು ನೋಡಿದರು ಎಂಬಲ್ಲಿ ಬಹುವಚನದ ಗುರುತು ಬರುತ್ತದೆ. ಒಬ್ಬರಿಗೊಬ್ಬರು ಫೋನ್ ಮಾಡಿದರು ಎಂಬಲ್ಲಿ ಬರುವುದಿಲ್ಲ. ಕೈ ತೊಳೆದುಕೊಂಡ ವಾಕ್ಯದಲ್ಲಿ ತೊಳೆಯಿಸಿಕೊಂಡದ್ದು ಕೈ, 'ಸ' ಕೇವಲ 'ತನಗೆ' ಎಂಬ ಅರ್ಥದ್ದು. ಎರಡು ಕಡೆ ಎಚ್ಚರ ಬೇಕು: ಸಹಾಯ ಮಾಡುವುದು ನಮಗೆ 'ಗೆ', ಆದರೆ ಫ್ರೆಂಚಿನ 'ಎದೆ' ದ್ವಿತೀಯೆಯನ್ನು ಬಯಸುತ್ತದೆ, ಹಾಗಾಗಿ ಅಲ್ಲಿ ಗುರುತು ಬೇಕು, ಕೇಳುವುದು ನಮಗೆ 'ಅನ್ನು', ಆದರೆ 'ದಮಾಂದೆ' ಚತುರ್ಥಿಯನ್ನು ಬಯಸುತ್ತದೆ, ಅಲ್ಲಿ ಗುರುತು ಬೇಡ. ಈ ನಿಯಮ ಫ್ರೆಂಚರಿಗೂ ಕಷ್ಟದ್ದೇ. 1990ರ ಕಾಗುಣಿತ ಪರಿಷ್ಕರಣೆಯು 'ಲೆಸೆ' ಎಂಬ ಕ್ರಿಯಾಪದದ ಕೃದಂತವನ್ನು ಇನ್ನೊಂದು ಕ್ರಿಯೆಯ ಮೂಲರೂಪದ ಮುಂದೆ ಬದಲಾಯಿಸದೆ ಬಿಡಲು ಸೂಚಿಸಿ ಒಂದು ಮೂಲೆಯನ್ನಾದರೂ ಸರಳಗೊಳಿಸಿತು.

ಕೊನೆಗೆ ಉಳಿಯುವುದು ಬಿಡಿಸಿ ನೋಡಲಾಗದ ಕ್ರಿಯಾಪದಗಳು. 'ಸೆವಾನ್ವಿರ್' (ಮೂರ್ಛೆ ಹೋಗು), 'ಸ ಸೂವ್ನಿರ್' (ನೆನಪಿಸಿಕೊಳ್ಳು) ಇಂದು 'ಸ' ಇಲ್ಲದೆ ಸಾಮಾನ್ಯವಾಗಿ ಬರುವುದೇ ಇಲ್ಲ, ಮತ್ತು ಇವುಗಳ ಕೃದಂತ ನೇರವಾಗಿ ಕರ್ತೃವಿಗೆ ಹೊಂದಿಕೊಳ್ಳುತ್ತದೆ. ಇನ್ನು ಕೆಲವು 'ಸ' ಸೇರಿದೊಡನೆ ಅರ್ಥವನ್ನೇ ತಿರುಗಿಸುತ್ತವೆ. 'ದೂತೆ' ಎಂದರೆ ಸಂಶಯಪಡುವುದು, ನಂಬದಿರುವುದು. 'ಸ ದೂತೆ' ಎಂದರೆ ಮೊದಲೇ ಊಹಿಸುವುದು. 'ಜ ಮಾಂ ದೂತೆ' ಎಂದು ಯಾರಾದರೂ ಹೇಳಿದರೆ ಅವರು ನಿಮ್ಮ ಮಾತನ್ನು ಅನುಮಾನಿಸುತ್ತಿಲ್ಲ, 'ಹೀಗೇ ಆಗುತ್ತದೆಂದು ನನಗೆ ಅನ್ನಿಸಿತ್ತು' ಎನ್ನುತ್ತಿದ್ದಾರೆ. ನಮ್ಮಲ್ಲಿಯೂ ಹೀಗೇ: ಕನ್ನಡ ಕಲಿಯುವವರಿಗೆ 'ಕೇಳು' ಗೊತ್ತಿದ್ದ ಮಾತ್ರಕ್ಕೆ 'ಕೇಳಿಕೊಳ್ಳು' ಎಂದರೆ ಬೇಡುವುದು ಎಂದು ಹೊಳೆಯುವುದಿಲ್ಲ, 'ಕಟ್ಟು' ಗೊತ್ತಿದ್ದ ಮಾತ್ರಕ್ಕೆ ಹೆಂಡತಿಯನ್ನು 'ಕಟ್ಟಿಕೊಂಡವನು' ಅರ್ಥವಾಗುವುದಿಲ್ಲ. ಇಂಥವನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಒಂಟಿ ಪದವಾಗಿ ಬರೆಸುವುದಿಲ್ಲ; ಪ್ರತಿಯೊಂದನ್ನೂ ಒಂದು ಪೂರ್ಣ ವಾಕ್ಯದಲ್ಲಿ, 'ಜ' ಮತ್ತು 'ಮ' ಸಮೇತ, ಗಟ್ಟಿಯಾಗಿ ಹೇಳಿಸಿಯೇ ಬರೆಸುತ್ತೇನೆ.